ಪದ ಬೇಕು: 'ಪೀರಿಯಾಡಿಕ್ ಪ್ಯಾರಾಲಿಸಿಸ್'ಗೆ ಏನನ್ನೋಣ? (ನಾಳೆ ಸಂಜೆಯೊಳಗೆ)

ಬದಿಯಡ್ಕದಿಂದ:
ಎಲ್ಲರಿಗೂ ನಮಸ್ಕಾರ. ಅಪರೂಪದ ಕಾಯಿಲೆಗಳ ಬಗ್ಗೆ ಮಲಯಾಳದಲ್ಲಿರುವ ಕಿರುಪುಸ್ತಕ ಒಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಇಲ್ಲಿನ ಕನ್ನಡ ಮನೆಗಳಿಗೆ ಹಂಚಲಿಕ್ಕೆ. ನಾಳೆ ಸಂಜೆ ಪ್ರೆಸ್ಸಿಗೆ ಕೊಡಬೇಕು. ಆಂಡರ್ಸನ್-ತವೀಲ್ ಸಿಂಡ್ರೋಮ್ ಎಂಬ ಪುಟದಲ್ಲಿ ಸಿಕ್ಕಿಬಿದ್ದಿದ್ದೇನೆ. ಹೆಸರನ್ನು ಹಾಗೇ ಇಡುತ್ತೇನೆ. 1971ರಲ್ಲಿ ಇದರ ಬಗ್ಗೆ ಬರೆದ ಡೆನ್ಮಾರ್ಕಿನ ವೈದ್ಯೆ ಆಂಡರ್ಸನ್, 1994ರಲ್ಲಿ ಇದನ್ನು ಬೇರೆಯೇ ಕಾಯಿಲೆ ಎಂದು ಗುರುತಿಸಿದ ತವೀಲ್, ಇಬ್ಬರ ಹೆಸರು ಅದು. ಪದ ಬೇಕಾದದ್ದು ಅದರ ಮುಖ್ಯ ಲಕ್ಷಣಕ್ಕೆ. ಮೂಲದಲ್ಲಿ 'ತಳರ್ವಾತಂ' ಇದೆ. ಯಂತ್ರಾನುವಾದ ಕೊಟ್ಟದ್ದು 'ನಿಯತಕಾಲಿಕ ಪಾರ್ಶ್ವವಾಯು'. ನಿಯತಕಾಲಿಕ ಎಂದರೆ ನಮ್ಮವರಿಗೆ ಪತ್ರಿಕೆ!

ಸಂಗತಿ ಇಷ್ಟು. ಸ್ನಾಯುಕೋಶಗಳಲ್ಲಿ ಪೊಟ್ಯಾಸಿಯಂ ಸಾಗುವ ದಾರಿಯೊಂದು ಹುಟ್ಟಿನಿಂದಲೇ ಕೆಟ್ಟಿರುತ್ತದೆ. ಹೃದಯವೂ ಸ್ನಾಯುವೇ ಅಲ್ವಾ, ಹಾಗಾಗಿ ಬಡಿತವೂ ಏರುಪೇರು. ಮೈಮುರಿದು ದುಡಿದು ಆಮೇಲೆ ಸುಮ್ನೆ ಕೂತಾಗ, ಅಥವಾ ಮಲಗಿ ಏಳುವಾಗ ಕೈಕಾಲಿನ ಬಲ ಹೋಗುತ್ತದೆ. ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ. ಮತ್ತೆ ತಾನಾಗಿ ಬರುತ್ತದೆ.

ಕಾಸರಗೋಡಿನಿಂದ:
ಪಾರ್ಶ್ವವಾಯು ಬೇಡವೇ ಬೇಡ. ಪಾರ್ಶ್ವ ಎಂದರೆ ಮಗ್ಗುಲು. ಇಲ್ಲಿ ಒಂದೇ ಮಗ್ಗುಲಿನ ಪ್ರಶ್ನೆ ಇಲ್ಲ. ವಾಯುವಂತೂ ಮೊದಲೇ ಇಲ್ಲ. 'ತಳರ್ವಾತ' ಇನ್ನೂ ಕಡೆ. ಹಳಗನ್ನಡದಲ್ಲಿ ತಳರ್ ಎಂದರೆ ಹೊರಡು, ಚಲಿಸು. ತಳರ್ದಂ ಎಂದರೆ ಹೊರಟನು. ಬಳಲು, ಸೊರಗು ಎಂಬ ಅರ್ಥ ತಮಿಳು, ಮಲಯಾಳದ್ದು. ಏಳಲಾಗದೆ ಮಲಗಿದವನಿಗೆ ಹೊರಟವನ ಪದವೇ? ಅಚ್ಚಗನ್ನಡದಲ್ಲಿ 'ಮರುಸೋಲು' ಎನ್ನಿ.

ಅಕ್ಕಲಕೋಟೆಯಿಂದ:
ಲಕ್ವಾ ಅನ್ರಿ, ಮುಗೀತು. ನಮ್ಮ ಕಡೆ ಸಣ್ಣ ಹುಡುಗರಿಗೂ ಗೊತ್ತು.

ಕಾಸರಗೋಡಿನಿಂದ:
ಲಕ್ವಾ ಅರಬ್ಬಿ. ಅದೂ ಮುಖ ಸೊಟ್ಟಗಾಗುವುದಕ್ಕೆ.

ಅಕ್ಕಲಕೋಟೆಯಿಂದ:
ಅರಬ್ಬಿ ಆದ್ರೇನ್ರಿ? ನೀವು ಕೂತ ಕುರ್ಚಿ ಎಲ್ಲಿಂದ ಬಂತು? ಕಾಗದ, ವಕೀಲ, ಇವೆಲ್ಲ? ಪದದ ಜಾತಿ ಕೇಳಬ್ಯಾಡ್ರಿ.

ತಾಳವಾಡಿಯಿಂದ:
ಲಕ್ವಾ ಬೇಡ ಎನ್ನಲು ಅರಬ್ಬಿ ಕಾರಣ ಅಲ್ಲ ಸಾರ್. ನಾನು ನರ್ಸ್. ಲಕ್ವ, ಪಾರ್ಶ್ವವಾಯು ಅಂದ ತಕ್ಷಣ ಜನ ಸ್ಟ್ರೋಕ್ ಅಂದುಕೊಳ್ಳುತ್ತಾರೆ. ಎಣ್ಣೆ ತಿಕ್ಕಿಸಲು ಕರೆದುಕೊಂಡು ಹೊರಡುತ್ತಾರೆ. ಇಲ್ಲಿ ಮೊದಲು ಆಗಬೇಕಾದದ್ದು ಇಸಿಜಿ, ರಕ್ತದ ಪೊಟ್ಯಾಸಿಯಂ. ಅದು ಕಡಿಮೆಯೇ ಇರಬೇಕೆಂದಿಲ್ಲ, ಜಾಸ್ತಿ ಇರಬಹುದು, ಸರಿಯಾಗೂ ಇರಬಹುದು. 'ಜೋಮು', 'ಮರಗಟ್ಟು' ಕೂಡ ಹಾಕಬೇಡಿ. ಮುಟ್ಟಿದರೆ ಗೊತ್ತಾಗುತ್ತದೆ, ಎಚ್ಚರವೂ ಇರುತ್ತದೆ. ಕಾಲು ಎತ್ತಲು ಮಾತ್ರ ಆಗುವುದಿಲ್ಲ.

ನಮ್ಮೂರಲ್ಲಿ 'ಕಾಲು ಸೋತೋಯ್ತು' ಅಂತಾರೆ. ಅದನ್ನೇ ಇಟ್ಟುಕೊಂಡು 'ಬಂದುಹೋಗುವ ಕೈಕಾಲು ಸೋಲು' ಎನ್ನಿ. 'ನಿಯತ' ಸುಳ್ಳು, ಇದಕ್ಕೆ ವೇಳಾಪಟ್ಟಿ ಇಲ್ಲ. 'ಮರುಕಳಿಸುವ' ಎಂದರೆ ವಾಸಿಯಾದದ್ದು ತಿರುಗಿ ಬಂದ ಹಾಗೆ. ಈ ಕಾಯಿಲೆ ಒಳಗೇ ಇರುತ್ತದೆ, ಸೋಲು ಮಾತ್ರ ಬಂದುಹೋಗುತ್ತದೆ.

ಬದಿಯಡ್ಕದಿಂದ:
ಇದೇ ಇರಲಿ. ಮಾಸ್ಟ್ರೇ, ಬೇಸರ ಮಾಡ್ಕೋಬೇಡಿ, 'ಮರುಸೋಲು' ಕೇಳಿದರೆ ಚುನಾವಣೆಯ ಫಲಿತಾಂಶ ಅನ್ನಿಸುತ್ತದೆ.

ಇನ್ನೊಂದು. 'ಆನುವಂಶಿಕ' ಎಂದರೆ ಹಿರಿಯರು ಅರ್ಧದಲ್ಲೇ ಪುಟ ಮಗುಚುತ್ತಾರೆ. 'ತರವಾಡಿನ ಕಾಯಿಲೆ' ಎಂದರೆ ಥಟ್ಟನೆ ಹೊಳೆಯುತ್ತದೆ, ಆದರೆ ತರವಾಡು ಎಂದರೆ ಕುಟುಂಬದ ಮೂಲಮನೆ, ಅದು ತಾಯಿಯ ಕಡೆಯದ್ದು. ಅಪ್ಪನಿಗಿದ್ದರೆ ಮಕ್ಕಳಿಗೇನು ಸಂಬಂಧ ಎಂದು ಅಳಿಯಸಂತಾನದ ಮನೆಯವರು ಸುಮ್ಮನಾಗುತ್ತಾರೆ. ಕೆಸಿಎನ್‌ಜೆ2 ಎಂಬ ವಂಶವಾಹಿಯ (ಜೀನ್) ಒಂದು ಪ್ರತಿ ಕೆಟ್ಟಿದ್ದರೆ ಸಾಕು, ಅಪ್ಪನಿಂದಲೂ ಬರುತ್ತದೆ, ಅಮ್ಮನಿಂದಲೂ ಬರುತ್ತದೆ. ಹುಟ್ಟುವ ಪ್ರತಿ ಮಗುವಿಗೂ ಅರ್ಧಕ್ಕರ್ಧ ಸಾಧ್ಯತೆ. ಮನೆಯಲ್ಲಿ ಯಾರಿಗೂ ಇಲ್ಲದೆ ಹೊಸದಾಗಿ ಕಾಣಿಸುವುದೂ ಉಂಟು. ಹಾಗಾಗಿ 'ಅಪ್ಪನಿಂದಲೋ ಅಮ್ಮನಿಂದಲೋ ಬರುವ' ಎಂದೇ ಬಿಡಿಸಿ ಬರೆಯುತ್ತೇನೆ. ಉದ್ದವಾದರೆ ಆಗಲಿ.

ಕಾಸರಗೋಡಿನಿಂದ:
'ವಂಶವಾಹಿ' ಸಂಸ್ಕೃತ, ಅದಕ್ಕೆ ಯಾರ ತಕರಾರೂ ಇಲ್ಲ. ನನ್ನ 'ಮರುಸೋಲು' ಮಾತ್ರ ನಗೆಪಾಟಲು. 1956ರಲ್ಲಿ ನಮ್ಮ ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ಮಲಯಾಳವನ್ನು ಮುಂದಿಟ್ಟುಕೊಂಡೇ ಕನ್ನಡ ಬರೆಯುತ್ತಾ ಬಂದಿದ್ದೇವೆ. ಯಾವುದೇ ಕಚೇರಿಯ ಅರ್ಜಿ ಫಾರ್ಮು ತೆಗೆದು ನೋಡಿ. ಲಿಪಿ ಮಾತ್ರ ಕನ್ನಡ.

ಅಕ್ಕಲಕೋಟೆಯಿಂದ:
ಅರ್ಜಿ ಅರಬ್ಬಿ, ಫಾರ್ಮು ಇಂಗ್ಲಿಷು. ಮುಂದುವರಿಸ್ರಿ.

ಬದಿಯಡ್ಕದಿಂದ:
ಜಗಳ ಪುಸ್ತಕ ಅಚ್ಚಾದ ಮೇಲೆ ಇಟ್ಟುಕೊಳ್ಳಿ, ನಾನೂ ಬರುತ್ತೇನೆ. ಹೃದಯದ್ದಕ್ಕೆ 'ಲಯದೋಷ' ಬಿಟ್ಟು 'ಎದೆಬಡಿತದ ತಾಳ ತಪ್ಪುವುದು' ಹಾಕಿದ್ದೇನೆ. ಯಕ್ಷಗಾನದ ನಮ್ಮ ಕುಂಬಳೆ ಸೀಮೆಯಲ್ಲಿ ತಾಳ ತಪ್ಪುವುದು ಎಂದರೇನೆಂದು ಯಾರಿಗೂ ಬಿಡಿಸಿ ಹೇಳಬೇಕಿಲ್ಲ.

ತಾಳವಾಡಿಯಿಂದ:
ಚೆನ್ನಾಗಿದೆ. ಆದರೆ 'ತಲೆ ತಿರುಗಿ ಬಿದ್ದರೆ ಕೂಡಲೇ ಆಸ್ಪತ್ರೆಗೆ' ಎಂಬ ಸಾಲು ಪುಟದ ಮೇಲ್ಗಡೆ, ದಪ್ಪ ಅಕ್ಷರದಲ್ಲಿ ಇರಲಿ. ಅಂಥವರು ಯಾವ ಮಾತ್ರೆ ನುಂಗುವ ಮೊದಲೂ ಡಾಕ್ಟರಿಗೆ ಈ ಕಾಯಿಲೆಯ ಹೆಸರು ಹೇಳಬೇಕು ಎಂಬುದನ್ನೂ ಸೇರಿಸಿ. ಬೇರೆ ಕಾಯಿಲೆಗೆ ಕೊಡುವ ಕೆಲವು ಔಷಧಿ ಇವರ ಎದೆಬಡಿತವನ್ನು ಇನ್ನೂ ಕೆಡಿಸುತ್ತದೆ.

ಬದಿಯಡ್ಕದಿಂದ:
ಎರಡೂ ಸೇರಿಸಿದೆ. ಕೊನೆಯದು: ಕೆಲವರಿಗೆ ಸಣ್ಣ ಗದ್ದ, ಕೆಳಗಿಳಿದ ಕಿವಿ, ಬಾಗಿದ ಕಿರುಬೆರಳು ಇರುತ್ತದೆ. ಕಾಲಿನ ಎರಡನೇ, ಮೂರನೇ ಬೆರಳು ಅಂಟಿಕೊಂಡಿರುತ್ತದೆ. ಅದಕ್ಕೆ 'ಕೂಡುಬೆರಳು' ಆಗುತ್ತದಲ್ವಾ ಮಾಸ್ಟ್ರೇ?

ಕಾಸರಗೋಡಿನಿಂದ:
ಆಗುತ್ತದೆ. ವಂಶವಾಹಿ ತೆಗೆಯಿರಿ.