ಕರ್ತನ ಭೋಜನ: ‘ಅಯೋಗ್ಯವಾಗಿ’ ತಿನ್ನುವುದು ಅಂದರೆ ಏನು? ಯಾರು ತಗೋಬಹುದು?

ದ್ರಾಕ್ಷಿಬಳ್ಳಿ:
ಯೇಸುವಿನ ಕೊನೆಯ ಊಟದ ನೆನಪಿಗೆ ಸಭೆಯಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವುದೇ ಕರ್ತನ ಭೋಜನ. ಅಪೊಸ್ತಲ ಪೌಲ ಕೊರಿಂಥದ ಸಭೆಗೆ ಬರೆದ ಮೊದಲ ಪತ್ರದ (1 ಕೊರಿಂಥ) 11:27ರ ಪ್ರಕಾರ ‘ಅಯೋಗ್ಯವಾಗಿ’ ರೊಟ್ಟಿ ತಿಂದು ಪಾತ್ರೆಯಲ್ಲಿ ಕುಡಿಯುವವರು ಕರ್ತನ ದೇಹಕ್ಕೂ ರಕ್ತಕ್ಕೂ ಅಪರಾಧಿಗಳು. ಈ ಒಂದು ವಚನಕ್ಕೆ ಹೆದರಿ ವರ್ಷಗಟ್ಟಲೆ ಆ ಭೋಜನದ ಮೇಜಿನ ಹತ್ತಿರ ಬಾರದವರಿದ್ದಾರೆ. ಪಾಪ ಮಾಡಿದವರು ದೂರ ಇರಬೇಕು ಅಂತಲೇ ಇದರ ಅರ್ಥವೇ? ದೀಕ್ಷಾಸ್ನಾನ (ಸಭೆಗೆ ಸೇರಿಸುವ ನೀರಿನ ಸಂಸ್ಕಾರ) ಆಗದವರು, ಬೇರೆ ಸಭೆಯವರು, ಮಕ್ಕಳು, ಇವರ ವಿಷಯದಲ್ಲಿ ಒಂದೊಂದು ಕಡೆ ಒಂದೊಂದು ನಿಯಮ ಯಾಕೆ?

ಹಳೆಯ ಒಡಂಬಡಿಕೆ:
ಪತ್ರದ ಮೂಲ ಭಾಷೆ ಗ್ರೀಕಿನಲ್ಲಿ ‘ಅಯೋಗ್ಯವಾಗಿ’ ಅನ್ನುವ ಪದ ಕ್ರಿಯಾವಿಶೇಷಣ. ತಿನ್ನುವವನು ಎಂಥವನು ಅಂತ ಅದು ಕೇಳುವುದಿಲ್ಲ, ತಿನ್ನುವ ರೀತಿ ಎಂಥದ್ದು ಅಂತ ಕೇಳುತ್ತದೆ. ಆ ರೀತಿ ಹೇಗಿತ್ತು ಅನ್ನುವುದು 20ರಿಂದ 22ನೇ ವಚನದಲ್ಲೇ ಇದೆ. ಕೊರಿಂಥದವರು ಇದನ್ನು ಪೂರ್ತಿ ಊಟದ ಜೊತೆ ಮಾಡುತ್ತಿದ್ದರು. ಉಳ್ಳವರು ತಂದದ್ದನ್ನು ಮೊದಲೇ ತಿಂದು, ಕುಡಿದು ಅಮಲೇರಿ ಕೂತಿರುತ್ತಿದ್ದರು. ಇಲ್ಲದವರಿಗೆ ಹಸಿವೇ ಗತಿ. ಒಂದೇ ರೊಟ್ಟಿಯಲ್ಲಿ ಪಾಲುಗೊಂಡು ಒಂದೇ ದೇಹವಾಗುತ್ತೇವೆ ಅಂತ 10:17ರಲ್ಲಿ ಬರೆದ ಪೌಲನಿಗೆ, ಅದೇ ಮೇಜಿನಲ್ಲಿ ಬಡವರನ್ನು ನಾಚಿಸಿದ್ದು ಸಹಿಸಲಾಗಲಿಲ್ಲ. ಅವನು ಕೊಟ್ಟ ಮದ್ದು 33ನೇ ವಚನ: ಒಬ್ಬರಿಗಾಗಿ ಒಬ್ಬರು ಕಾದುಕೊಳ್ಳಿ.

28ನೇ ವಚನವನ್ನು ಅರ್ಧಕ್ಕೇ ನಿಲ್ಲಿಸಬೇಡಿ. ಪರೀಕ್ಷಿಸಿಕೊಂಡು ದೂರ ನಿಲ್ಲಲಿ ಅಂತ ಅಲ್ಲಿಲ್ಲ, ಪರೀಕ್ಷಿಸಿಕೊಂಡು ತಿನ್ನಲಿ ಅಂತಿದೆ. ಪಶ್ಚಾತ್ತಾಪಪಟ್ಟ ಪಾಪಿಗೇ ಈ ಮೇಜು. ಪರೀಕ್ಷೆ ಅಂದರೆ ಯಾರನ್ನು ನೋಯಿಸಿದ್ದೇನೆ, ಯಾರ ಹತ್ತಿರ ಮಾತು ಬಿಟ್ಟಿದ್ದೇನೆ ಅಂತ ನೋಡಿಕೊಳ್ಳುವುದು. ಮತ್ತಾಯ 5:23–24ರಂತೆ ಮೊದಲು ಹೋಗಿ ಸಮಾಧಾನ ಮಾಡಿಕೊಂಡು ಬನ್ನಿ. ಇದನ್ನು ಆರಾಧನೆ ನಡೆಯುವಾಗ ಐದು ನಿಮಿಷದಲ್ಲಿ ಮುಗಿಸಲಾಗದು, ಹಿಂದಿನ ದಿನವೇ ಶುರುಮಾಡಿ.

ಬಲಿಪೀಠ:
ಮೇಲಿನವರ ವಿವರಣೆ ಸರಿ, ಆದರೆ ಕಥೋಲಿಕರಿಗೆ ರೀತಿಯಷ್ಟೇ ಆತ್ಮದ ಸ್ಥಿತಿಯೂ ಮುಖ್ಯ. ಘೋರ ಪಾಪದ ಅರಿವಿರುವವರು ಪಾಪನಿವೇದನೆ (ಗುರುಗಳ ಮುಂದೆ ಪಾಪ ಒಪ್ಪಿಕೊಳ್ಳುವುದು) ಮಾಡಿಯೇ ಪರಮಪ್ರಸಾದಕ್ಕೆ (ಕರ್ತನ ಭೋಜನಕ್ಕೆ ಅಲ್ಲಿಯ ಹೆಸರು) ಬರಬೇಕು. ಸಣ್ಣಪುಟ್ಟ ತಪ್ಪುಗಳು ಅಡ್ಡಿಯಲ್ಲ. ಈ ವ್ಯತ್ಯಾಸ ತಿಳಿಯದೆ ಸುಮ್ಮನೆ ಹಿಂದೆ ಉಳಿಯುವವರೇ ಹೆಚ್ಚು. ಸ್ವೀಕರಿಸುವ ಮುಂಚೆ 1 ಗಂಟೆ ಉಪವಾಸ. ನೀರು, ಔಷಧಿಗೆ ತಡೆಯಿಲ್ಲ. ವೃದ್ಧರಿಗೆ, ರೋಗಿಗಳಿಗೆ, ಅವರನ್ನು ನೋಡಿಕೊಳ್ಳುವವರಿಗೆ ಉಪವಾಸದಿಂದ ವಿನಾಯಿತಿ. ಮಕ್ಕಳಿಗೆ ಸುಮಾರು 7ನೇ ವಯಸ್ಸು ಅಂತ 1910ರಲ್ಲಿ ಹತ್ತನೇ ಪಿಯುಸ್ ಪೋಪರು ನಿಗದಿಪಡಿಸಿದರು.

ಕೈಯಲ್ಲಿ ಸ್ವೀಕರಿಸುವವರು ಬಲಗೈ ಮೇಲೆ ಎಡಗೈ ಇಟ್ಟು ಅಂಗೈ ಚಾಚಿ, ‘ಆಮೆನ್’ ಹೇಳಿ, ಬಲಗೈಯಿಂದ ತೆಗೆದು ಅಲ್ಲೇ ಸೇವಿಸಬೇಕು. ಆಸನಕ್ಕೆ ಒಯ್ಯುವುದು ತಪ್ಪು, ಯಾಕೆಂದರೆ ಅದು ಕ್ರಿಸ್ತರ ಶರೀರವೇ ಅನ್ನುವುದು ಕಥೋಲಿಕರ ನಂಬಿಕೆ.

ಹಳೆಯ ಒಡಂಬಡಿಕೆ:
ನಿಯಮ ಬೇರೆಯಾಗುವುದೂ ಆ ನಂಬಿಕೆಯ ಮೇಲೇ. 1529ರಲ್ಲಿ ಜರ್ಮನಿಯ ಮಾರ್ಬುರ್ಗಿನಲ್ಲಿ ಪ್ರೊಟೆಸ್ಟಂಟ್ ಸುಧಾರಕರಾದ ಲೂಥರ್ ಮತ್ತು ಜ್ವಿಂಗ್ಲಿ 15 ಅಂಶಗಳಲ್ಲಿ 14ಕ್ಕೆ ಒಪ್ಪಿದರು. ‘ಇದು ನನ್ನ ದೇಹ’ ಅನ್ನುವ ಮಾತಿಗೆ ಬಂದಾಗ ಲೂಥರ್ ‘ಆಗಿದೆ’ ಅಂದರು, ಜ್ವಿಂಗ್ಲಿ ‘ಸೂಚಿಸುತ್ತದೆ’ ಅಂದರು; ಅಲ್ಲಿಗೆ ಬೇರೆಯಾದರು. ದೀಕ್ಷಾಸ್ನಾನ ಆದವರಿಗೆ ಮಾತ್ರ ಅನ್ನುವುದು ಬಹಳ ಹಳೆಯ ಪದ್ಧತಿ; ಆದಿ ಸಭೆಯ ಕೈಪಿಡಿ ‘ದಿದಾಖೆ’ಯ 9ನೇ ಅಧ್ಯಾಯದಲ್ಲೇ ಇದೆ. ಆರ್ಥೊಡಾಕ್ಸ್ ಸಭೆಯಲ್ಲಿ ದೀಕ್ಷಾಸ್ನಾನವಾದ ಕೂಸಿಗೂ ಕೊಡುತ್ತಾರೆ. ಬ್ಯಾಪ್ಟಿಸ್ಟರು ಸ್ವಂತ ವಿಶ್ವಾಸವನ್ನು ಅರಿಕೆಮಾಡಿದವರಿಗೆ ಕೊಡುತ್ತಾರೆ. ಮೆಥಡಿಸ್ಟರಲ್ಲಿ ಅನೇಕ ಕಡೆ ಮೇಜು ಎಲ್ಲರಿಗೂ ತೆರೆದಿದೆ, ಅದು ವಿಶ್ವಾಸವನ್ನು ಹುಟ್ಟಿಸಬಲ್ಲದು ಅಂತ ಅವರ ಪಂಥದ ಮೂಲಪುರುಷ ಜಾನ್ ವೆಸ್ಲಿ ನಂಬಿದ್ದರು.

ದ್ರಾಕ್ಷಿಬಳ್ಳಿ:
ತುಂಬಾ ಉಪಕಾರ. ತಗೊಳ್ಳದೆ ಇರುವವರು ಏನು ಮಾಡಬೇಕು? ಗೋಧಿ ಒಗ್ಗದವರು?

ಬಲಿಪೀಠ:
ಕೂತಲ್ಲೇ ಪ್ರಾರ್ಥಿಸಬಹುದು, ಅದರಲ್ಲಿ ಅವಮಾನವಿಲ್ಲ. ಅನೇಕ ಚರ್ಚುಗಳಲ್ಲಿ ಸಾಲಿನಲ್ಲಿ ಬಂದು ಎದೆಯ ಮೇಲೆ ಕೈಗಳನ್ನು ಅಡ್ಡಡ್ಡ ಮಡಚಿದರೆ ಆಶೀರ್ವಾದ ಮಾತ್ರ ಕೊಡುತ್ತಾರೆ. ಬೇರೆ ಸಭೆಗೆ ಹೋಗುವಾಗ ಆರಾಧನೆಗೆ ಮುಂಚೆಯೇ ಗುರುಗಳನ್ನೋ ಸಭಾಪಾಲಕರನ್ನೋ ಕೇಳಿ, ಸಾಲಿನಲ್ಲಿ ನಿಂತು ಕೇಳಿದರೆ ಇಬ್ಬರಿಗೂ ಕಸಿವಿಸಿ.

ಗೋಧಿಯ ವಿಷಯ: ಕಥೋಲಿಕರಲ್ಲಿ ಗ್ಲುಟನ್ (ಗೋಧಿಯಲ್ಲಿರುವ ಪ್ರೋಟೀನ್) ಪೂರ್ತಿ ತೆಗೆದ ರೊಟ್ಟಿಗೆ ಮಾನ್ಯತೆಯಿಲ್ಲ, ಕಡಿಮೆ ಗ್ಲುಟನ್‌ದು ನಡೆಯುತ್ತದೆ. ಅದೂ ಆಗದವರು ಪಾತ್ರೆಯಿಂದ ಮಾತ್ರ ಸ್ವೀಕರಿಸಬಹುದು. ಆದರೆ ಗುರುಗಳು ರೊಟ್ಟಿಯ ಚೂರನ್ನು ಹಾಕುವ ಮುಖ್ಯ ಪಾತ್ರೆ ಬೇಡ, ಬೇರೆ ಪಾತ್ರೆ ಇಡಲು ಮೊದಲೇ ಹೇಳಿಡಿ. ಒಂದು ರೂಪದಲ್ಲಿ ತಗೊಂಡರೂ ಕ್ರಿಸ್ತರನ್ನು ಪೂರ್ಣವಾಗಿಯೇ ತಗೊಂಡಂತೆ.