ಕಲ್ಲಿದ್ದಲು ಗಣಿಯ ಲಾಭ–ನಷ್ಟ: ಯೋಜನಾ ವರದಿಯಲ್ಲಿ ಯಾವ ಅಂಕಿ ಹುಡುಕಬೇಕು?

ಪ್ರಶ್ನೆ: ತೆರೆದ ಕಲ್ಲಿದ್ದಲು ಗಣಿಯೊಂದರ ಯೋಜನಾ ವರದಿ ಓದುತ್ತಿದ್ದೇನೆ. ಉದ್ಯೋಗ, ರಾಜಧನ, ತೆರಿಗೆಗಳಿಗೆ ಪುಟಗಟ್ಟಲೆ ಅಂಕಿಗಳಿವೆ. ಪರಿಸರದ ಅಧ್ಯಾಯದಲ್ಲಿ ಮಾತ್ರ ‘ಪರಿಣಾಮ ಅಲ್ಪ, ನಿಭಾಯಿಸಬಹುದು’ ಎಂದಷ್ಟೇ ಇದೆ. ಎರಡನ್ನೂ ಹೋಲಿಸುವುದು ಹೇಗೆ? ತಿಳಿದವರು ಹೇಳಿ.

ಉತ್ತರ (ಗಣಿ ಎಂಜಿನಿಯರ್): ಒಟ್ಟು ಮೊತ್ತ ಬಿಡಿ, ವರ್ಷವಾರು ಪಟ್ಟಿ ಕೇಳಿ. ಸಂಬಳ, ರಾಜಧನ ಎಲ್ಲ ಕಲ್ಲಿದ್ದಲು ಹೊರಬರುವ ವರ್ಷಗಳಲ್ಲೇ ಬಂದು ಮುಗಿಯುತ್ತದೆ. ನೀರಿನ ಖರ್ಚು ಆಮೇಲೂ ನಿಲ್ಲುವುದಿಲ್ಲ. ಜರ್ಮನಿಯ ರೂರ್ ಪ್ರದೇಶದ ಕೊನೆಯ ಗಣಿ ಮುಚ್ಚಿದ್ದು 2018ರ ಡಿಸೆಂಬರ್‌ನಲ್ಲಿ. ನೆಲ ಕೆಲವೆಡೆ 20 ಮೀಟರ್‌ಗೂ ಹೆಚ್ಚು ಕುಸಿದಿರುವುದರಿಂದ, ತಗ್ಗಿನಲ್ಲಿ ನೀರು ನಿಲ್ಲದಂತೆ ಎತ್ತುವ ಪಂಪ್‌ಗಳನ್ನು ಅಲ್ಲಿ ನಿಲ್ಲಿಸುವಂತೆಯೇ ಇಲ್ಲ. ಆ ಖರ್ಚು ಹೊರಲೆಂದೇ ಒಂದು ಪ್ರತಿಷ್ಠಾನವಿದೆ.

ಉದ್ಯೋಗದ ಸಂಖ್ಯೆಯನ್ನು ನಿರ್ಮಾಣ, ಉತ್ಪಾದನೆ, ಮುಚ್ಚುವಿಕೆ ಎಂದು ಬಿಡಿಸಿ ಕೊಡಲಿ. ಕಾಯಂ ಎಷ್ಟು, ಗುತ್ತಿಗೆ ಎಷ್ಟು ಎಂಬುದೂ ಬೇಕು. ದೊಡ್ಡ ಶವಲ್, ಡಂಪರ್‌ಗಳ ತೆರೆದ ಗಣಿಗೆ ಟನ್ ಲೆಕ್ಕದಲ್ಲಿ ಭೂಗತ ಗಣಿಗಿಂತ ಬಹಳ ಕಡಿಮೆ ಜನ ಸಾಕು. ಹಾಗೆಂದು ಲಾಭದ ಅಧ್ಯಾಯವೇ ಸುಳ್ಳೆನ್ನಬೇಡಿ. ಅದಿರಿನಿಂದ ಕಬ್ಬಿಣ ತೆಗೆಯುವ ಬ್ಲಾಸ್ಟ್ ಫರ್ನೇಸ್‌ ಕುಲುಮೆಗೆ ಹೋಗುವ ಕೋಕಿಂಗ್ ಕಲ್ಲಿದ್ದಲಿಗೆ ಬದಲಿ ಹುಡುಕುವುದು ಕಷ್ಟ, ವಿದ್ಯುತ್ತಿಗೆ ಸುಡುವ ಕಲ್ಲಿದ್ದಲಿಗೆ ಅಷ್ಟು ಕಷ್ಟವಿಲ್ಲ. ಇಲ್ಲಿ ಸಿಗುವುದು ಯಾವುದು ಎಂದು ಮೊದಲು ನೋಡಿ.

ಆಮೇಲೆ, ಒಂದು ಟನ್ ಕಲ್ಲಿದ್ದಲಿಗೆ ಎಷ್ಟು ಘನ ಮೀಟರ್ ಕಲ್ಲು–ಮಣ್ಣು ತೆಗೆಯಬೇಕು? 4 ಎಂದಿದ್ದರೆ, ವರ್ಷಕ್ಕೆ 10 ಲಕ್ಷ ಟನ್ ತೆಗೆಯುವ ಗಣಿಯಲ್ಲಿ 40 ಲಕ್ಷ ಘನ ಮೀಟರ್. ಒಡೆದ ಬಂಡೆ ಸಡಿಲವಾಗಿ ಇನ್ನೂ 20–30% ಉಬ್ಬುತ್ತದೆ. ಆ ರಾಶಿ ಎಲ್ಲಿ ನಿಲ್ಲುತ್ತದೆ, ಅದರ ಬುಡದಿಂದ ಯಾವ ನೀರು ಒಸರುತ್ತದೆ ಎಂಬುದೇ ನಿಜವಾದ ಪರಿಸರದ ಅಧ್ಯಾಯ.

ಮರುಪ್ರಶ್ನೆ: ಆಮ್ಲ ನೀರಿನ ಭಯವಿಲ್ಲ, ರಾಶಿಗೆ ಸುಣ್ಣಕಲ್ಲು ಬೆರೆಸುತ್ತೇವೆ ಎಂದು ಬರೆದಿದ್ದಾರೆ. ಅಷ್ಟು ಸಾಕೇ ಮೇಡಂ?

ಉತ್ತರ (ಜಲಭೂವಿಜ್ಞಾನಿ): ಎಷ್ಟು ಬೆರೆಸುತ್ತಾರೆ, ಹೇಗೆ ಬೆರೆಸುತ್ತಾರೆ ಎಂದು ಬರೆದಿಲ್ಲದಿದ್ದರೆ ಆ ವಾಕ್ಯಕ್ಕೆ ಬೆಲೆಯಿಲ್ಲ. ಬಂಡೆಯಲ್ಲಿರುವ ಪೈರೈಟ್‌ಗೆ (ಕಬ್ಬಿಣ, ಗಂಧಕ ಸೇರಿದ ಖನಿಜ) ಗಾಳಿ, ನೀರು ತಾಗಿದರೆ ಗಂಧಕಾಮ್ಲ ಹುಟ್ಟುತ್ತದೆ, ಕಬ್ಬಿಣ ಕರಗಿ ಬರುತ್ತದೆ. ಲೆಕ್ಕ ಸರಳ: ಪೈರೈಟ್ ರೂಪದ ಗಂಧಕದ ಶೇಕಡಾವಾರನ್ನು 31.25ರಿಂದ ಗುಣಿಸಿ. ಒಂದು ಟನ್ ಬಂಡೆಗೆ ಬೇಕಾದ ಕ್ಯಾಲ್ಸಿಯಂ ಕಾರ್ಬೊನೇಟ್ ಅಷ್ಟು ಕಿಲೋ. ಗಂಧಕ 0.5% ಇದ್ದರೆ ಟನ್‌ಗೆ 15.6 ಕಿಲೋ, 1 ಲಕ್ಷ ಟನ್ ರಾಶಿಗೆ ಸುಮಾರು 1,560 ಟನ್.

ಇದು ಕಾಗದದ ಮೇಲಿನ ಕನಿಷ್ಠ. ಬಂಡೆಯಲ್ಲಿ ಮೊದಲೇ ಇರುವ ಸುಣ್ಣದ ಅಂಶವನ್ನು ಇದರಲ್ಲಿ ಕಳೆಯಬಹುದು. ಆಮ್ಲ ತಣಿಸುವ ಶಕ್ತಿ ಆಮ್ಲ ಹುಟ್ಟಿಸುವ ಶಕ್ತಿಯ ಎರಡು ಪಟ್ಟಿಗಿಂತ ಹೆಚ್ಚಿದ್ದರೆ ಸಾಮಾನ್ಯವಾಗಿ ನೆಮ್ಮದಿ, ಒಂದಕ್ಕಿಂತ ಕಡಿಮೆಯಿದ್ದರೆ ಆಮ್ಲ ಬರುವ ಸಂಭವವೇ ಹೆಚ್ಚು. ನಡುವೆ ಇದ್ದರೆ, ಪುಡಿಮಾಡಿದ ಬಂಡೆಗೆ ಗಾಳಿ, ತೇವ ತಾಗಿಸಿ ಒಸರುವ ನೀರನ್ನು ಅಳೆಯುವ ತೇವ ಕೋಶದ (ಹ್ಯುಮಿಡಿಟಿ ಸೆಲ್) ಪರೀಕ್ಷೆಗೆ ಕನಿಷ್ಠ 20 ವಾರ ಕೊಡಬೇಕು.

ಕೆಲಸ ಕೆಡುವುದು ಎರಡು ಕಡೆ. ಸುಣ್ಣಕಲ್ಲನ್ನು ರಾಶಿಯ ನೆತ್ತಿಗಷ್ಟೇ ಹರಡಿದರೆ ಒಳಗೆ ಹುಟ್ಟುವ ಆಮ್ಲಕ್ಕೆ ಅದು ತಾಗುವುದಿಲ್ಲ. ರಾಶಿ ಏರಿಸುವಾಗಲೇ ಪದರಪದರವಾಗಿ, ನುಣ್ಣಗೆ ಪುಡಿಮಾಡಿ ಸೇರಿಸಬೇಕು. ಇನ್ನೊಂದು, ಕಬ್ಬಿಣವಿರುವ ನೀರು ಹರಿಯುವ ಕಾಲುವೆಯಲ್ಲಿ ದಪ್ಪ ಸುಣ್ಣಕಲ್ಲು ಹಾಸಿದರೆ ಕಿತ್ತಳೆ ಬಣ್ಣದ ತುಕ್ಕಿನಂಥ ಪದರ ಕಲ್ಲಿನ ಸುತ್ತ ಕೂರುತ್ತದೆ. ಒಂದು ಕಲ್ಲು ಒಡೆದು ನೋಡಿ: ಒಳಗೆ ಹೊಸದರಂತೆ ಬಿಳಿ ಅಥವಾ ಬೂದು, ಹೊರಗೆ ಗಟ್ಟಿ ಕವಚ. ಒಳಗಿನ ಕಲ್ಲಿಗೆ ನೀರು ಸರಿಯಾಗಿ ತಾಗದೆ ಆಮ್ಲ ತಣಿಸುವ ಕೆಲಸ ಕುಂಠಿತವಾಗುತ್ತದೆ. ಗಂಧಕ ಹೆಚ್ಚಿರುವ ಬಂಡೆಯನ್ನು ಮೊದಲೇ ಬೇರ್ಪಡಿಸಿ, ಜೇಡಿಯಿಂದ ಮುಚ್ಚುವುದೋ ಕಾಯಂ ನೀರಿನಡಿ ಇಡುವುದೋ ಹೆಚ್ಚು ಭದ್ರ.

ಸೇರ್ಪಡೆ (ಗಣಿ ವಾತಾಯನ ಎಂಜಿನಿಯರ್): ಯೋಜನೆಯಲ್ಲಿ ಭೂಗತ ಭಾಗವೂ ಇದ್ದರೆ, ಕಲ್ಲಿದ್ದಲಿನ ಪದರದಿಂದ ಹೊರಬರುವ ಮೀಥೇನ್ ಅನಿಲದ ಲೆಕ್ಕ ಕೇಳಿ. 20 ವರ್ಷದ ಅವಧಿಯಲ್ಲಿ ವಾತಾವರಣವನ್ನು ಬಿಸಿಯಾಗಿಸುವ ಅದರ ಶಕ್ತಿ ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡ್‌ನ ಸುಮಾರು 80 ಪಟ್ಟು. ಫ್ಯಾನ್ ಹೊರದಬ್ಬುವ ಗಾಳಿಯಲ್ಲಿ ಅದು ಸಾಮಾನ್ಯವಾಗಿ 1%ಕ್ಕಿಂತ ಕಡಿಮೆ. ಹಾಗೇ ಬೆಂಕಿ ಹಚ್ಚಿದರೆ ಉರಿಯದು, ಹೆಚ್ಚು ಶಾಖದಲ್ಲಿ ಅದನ್ನು ಸುಡುವ ಆಕ್ಸಿಡೈಸರ್ ಯಂತ್ರ ಬೇಕು. ಅಗೆಯುವ ಮೊದಲೇ ಕೊಳವೆಬಾವಿಯಿಂದ ಎಳೆದ, ಮೀಥೇನ್ ಪ್ರಮಾಣ ಹೆಚ್ಚಿರುವ ಅನಿಲವಾದರೆ ಎಂಜಿನ್ ಓಡಿಸಬಹುದು. ‘ಮೀಥೇನ್ ನಿರ್ವಹಣೆ’ ಎಂಬ ಒಂದು ಸಾಲು ಸಾಲದು.

ಮರುಪ್ರಶ್ನೆ: ಇದಕ್ಕೆಲ್ಲ ಹಣ ಕಂಪನಿಯ ಹತ್ತಿರವೇ ಇದ್ದರೆ ಆಗದೇ ಸರ್?

ಉತ್ತರ (ಗಣಿ ಎಂಜಿನಿಯರ್): ಆಗದು. ಕಲ್ಲಿದ್ದಲಿನ ದರ ಬಿದ್ದಾಗಲೇ ಗಣಿ ಮುಚ್ಚುವುದು, ಕಂಪನಿಯ ಕೈ ಖಾಲಿಯಾಗುವುದೂ ಆಗಲೇ. ಅಮೆರಿಕದ 1977ರ ಗಣಿ ಕಾನೂನು, ನೆಲ ಸರಿಪಡಿಸುವ ಖರ್ಚಿಗೆಂದು ಪರವಾನಗಿಗೆ ಮುಂಚೆಯೇ ಹಣದ ಭದ್ರತೆ ಕೇಳುತ್ತದೆ. ಆದರೆ ಕೆಲವು ರಾಜ್ಯಗಳು ಕಂಪನಿಯ ಸ್ವಂತ ಖಾತರಿಯನ್ನೇ ಒಪ್ಪಿಕೊಂಡಿದ್ದವು. 2015–16ರಲ್ಲಿ ದೊಡ್ಡ ಕಂಪನಿಗಳೇ ದಿವಾಳಿ ಅರ್ಜಿ ಹಾಕಿದಾಗ ಆ ಖಾತರಿಯ ಬಲ ಎಷ್ಟೆಂಬ ಪ್ರಶ್ನೆ ಎದ್ದಿತು.

ಆದ್ದರಿಂದ ಭದ್ರತೆಯ ಮೊತ್ತವನ್ನು ಹೊರಗಿನ ಗುತ್ತಿಗೆದಾರ ಬಂದು ಕೆಲಸ ಮಾಡಿದರೆ ಆಗುವ ದರದಲ್ಲಿ ಕಟ್ಟಬೇಕು, ಕಂಪನಿಯ ಸ್ವಂತ ಡಂಪರ್‌ಗಳ ದರದಲ್ಲಲ್ಲ. ಅದು ನಗದು ಠೇವಣಿ ಅಥವಾ ಬ್ಯಾಂಕ್ ಗ್ಯಾರಂಟಿಯಾಗಿರಲಿ, ಅಗೆತದ ವಿಸ್ತೀರ್ಣ ಹೆಚ್ಚಿದಂತೆ ಮೊತ್ತವೂ ಹೆಚ್ಚಲಿ. ಇಳಿಜಾರು ಸರಿಪಡಿಸಿದಾಗ ಒಂದು ಪಾಲು, ಗಿಡ ನಿಂತಾಗ ಇನ್ನೊಂದು ಪಾಲು ಬಿಡಬಹುದು. ನೀರಿನ ಪಾಲನ್ನು ಮಾತ್ರ, ಪಂಪ್ ನಿಲ್ಲಿಸಿ ಅಂತರ್ಜಲ ಮೇಲೇರಿ ನಿಂತ ನಂತರ ತೆಗೆದ ನೀರಿನ ಮಾದರಿಗಳು ಪರೀಕ್ಷೆಯಲ್ಲಿ ಸತತವಾಗಿ ಪಾಸಾಗುವವರೆಗೆ ಬಿಡಬಾರದು. ಈ ಷರತ್ತು ವರದಿಯಲ್ಲಿ ಇಲ್ಲದಿದ್ದರೆ ಲಿಖಿತ ಆಕ್ಷೇಪಣೆಯಲ್ಲಿ ಮೊದಲು ಬರೆಯಬೇಕಾದದ್ದು ಅದನ್ನೇ.