‘ಒಂದೂವರೆ ನಂಬರು’ ಮತ್ತು ಫುಟ್‌ಹೋಲ್ಡ್: ಕಾಲೋ, ಪಾದವೋ, ಪಂಜವೋ?

ಗೆಳೆಯರೇ,

ಅಮೆರಿಕದಲ್ಲಿ ತುಪ್ಪಳಕ್ಕಾಗಿ ಪ್ರಾಣಿ ಹಿಡಿಯುವವರ ಬಗೆಗಿನ ಬರಹವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ನರಿಗೆ ಒಂದೂವರೆ ಸಾಕು, ಕಾಯೋಟಿಗೆ ಮೂರು ಹೂಡು’ ಎಂಬ ಧಾಟಿಯ ಮಾತು ಅದರಲ್ಲಿ ಮತ್ತೆ ಮತ್ತೆ ಬರುತ್ತದೆ (ಕಾಯೋಟಿ ಎಂದರೆ ಅಲ್ಲಿನ, ತೋಳಕ್ಕಿಂತ ಚಿಕ್ಕದಾದ ಅದೇ ಜಾತಿಯ ಪ್ರಾಣಿ). ಅವರು ಹೇಳುತ್ತಿರುವುದು ಫುಟ್‌ಹೋಲ್ಡ್ ಟ್ರ್ಯಾಪಿನ ಅಳತೆ. ಈ ಸಾಧನಕ್ಕೆ ಕನ್ನಡದಲ್ಲಿ ಏನೆನ್ನೋಣ, ಆ ನಂಬರನ್ನು ಏನು ಮಾಡೋಣ ಎಂಬುದು ಪ್ರಶ್ನೆ.

ವಸ್ತು ಹೀಗಿರುತ್ತದೆ: ಎರಡು ಉಕ್ಕಿನ ದವಡೆ, ನಡುವೆ ಬಿಲ್ಲೆಯಂಥ ಚಿಕ್ಕ ತಟ್ಟೆ, ಬದಿಯಲ್ಲೋ ಅಡಿಯಲ್ಲೋ ಸ್ಪ್ರಿಂಗು, ನೆಲಕ್ಕೆ ಬಿಗಿದ ಸರಪಳಿ. ತಟ್ಟೆ ಮೇಲೆ ಹೆಜ್ಜೆ ಬಿದ್ದರೆ ದವಡೆ ಮುಚ್ಚುತ್ತದೆ. ‘ಬೋನು’ ಎಂದರೆ ನಮ್ಮ ಓದುಗರ ಕಣ್ಣಿಗೆ ಚಿರತೆ ಕೂತ ಕಂಬಿಯ ಪೆಟ್ಟಿಗೆ ಬರುತ್ತದೆ. ‘ಉರುಳು’ ತಂತಿಯ ಕುಣಿಕೆ; ಈ ಬರಹದಲ್ಲಿ ಅದು ಬೇರೆಯಾಗಿಯೇ ಬರುವುದರಿಂದ ಅದನ್ನು ಇಲ್ಲಿಗೆ ಎಳೆಯುವಂತಿಲ್ಲ. ‘ಕತ್ತರಿ’ ಎಂದವರೂ ಇದ್ದಾರೆ, ಆದರೆ ಕತ್ತರಿ ಕತ್ತರಿಸುತ್ತದೆ, ಇದು ಹಿಡಿದಿಡಬೇಕು. ನಮ್ಮಲ್ಲಿ ಕಳ್ಳಬೇಟೆಯ ಸುದ್ದಿಗಳಲ್ಲಿ ‘ಜಾ ಟ್ರ್ಯಾಪ್’ ಎಂದೇ ಬರುವುದುಂಟು. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಬಲೆ, ಉರುಳು ಹಾಕಿ ಹಿಡಿಯುವುದೂ ಬೇಟೆಯೇ ಆದ್ದರಿಂದ ಇಲ್ಲಿ ಇದನ್ನು ಕಸುಬಿನ ಸಾಮಾನಾಗಿ ಕಂಡವರಿಲ್ಲ. ಹಾಗಾಗಿ ಹದವಾಗಿ ಬಳಕೆಯಾದ ಪದವೂ ಇಲ್ಲ.

ನಿಜವಾದ ತೊಡಕು ‘ಫುಟ್’ನಲ್ಲಿದೆ. ಇದೇ ಸಾಧನಕ್ಕೆ ‘ಲೆಗ್‌ಹೋಲ್ಡ್’ ಎಂಬ ಹೆಸರೂ ಇದೆ. ಯುರೋಪಿನ ಸಮುದಾಯ (ಇಂದಿನ ಒಕ್ಕೂಟ) 1991ರಲ್ಲಿ ಇದನ್ನು ನಿಷೇಧಿಸುವ ನಿಯಮ ತಂದಾಗ ಬಳಸಿದ್ದು ‘ಲೆಗ್‌ಹೋಲ್ಡ್’. ಅಮೆರಿಕದ ಟ್ರ್ಯಾಪರ್‌ಗಳೂ ಅಲ್ಲಿನ ವನ್ಯಜೀವಿ ಇಲಾಖೆಗಳೂ ‘ಫುಟ್‌ಹೋಲ್ಡ್’ ಎನ್ನುತ್ತಾರೆ. ಇಬ್ಬರದೂ ಪಕ್ಷ ಹಿಡಿದ ಮಾತೇ. ಆದರೆ ಅಳತೆಯ ಲೆಕ್ಕ ನಿಂತಿರುವುದೂ ಇದೇ ವ್ಯತ್ಯಾಸದ ಮೇಲೆ. ದವಡೆ ಅಂಗಾಲಿನ ಮೆತ್ತೆಯ ತುಸು ಮೇಲೆ, ಪಂಜಕ್ಕೆ ಅಡ್ಡವಾಗಿ ಕೂರಬೇಕು. ಟ್ರ್ಯಾಪು ಚಿಕ್ಕದಾದರೆ ಒಂದೆರಡು ಬೆರಳಷ್ಟೇ ಸಿಕ್ಕು ಪ್ರಾಣಿ ಕಿತ್ತುಕೊಂಡು ಹೋಗುತ್ತದೆ. ತೀರಾ ದೊಡ್ಡದಾದರೆ ದವಡೆ ಮೇಲಕ್ಕೆ ಹೋಗಿ ಕಣಕಾಲನ್ನು ಕಚ್ಚುತ್ತದೆ, ಮೂಳೆ ಮುರಿಯುವ ಅಪಾಯ ಅಲ್ಲಿ. ನಾವೋ ತೊಡೆಯಿಂದ ಬೆರಳ ತುದಿಯವರೆಗೆ ಎಲ್ಲಕ್ಕೂ ‘ಕಾಲು’ ಎಂದುಬಿಡುತ್ತೇವೆ. ‘ಕಾಲುಬೋನು’ ಎಂದರೆ ಪಂಜವೂ ಕಣಕಾಲೂ ಒಂದೇ ಆಗಿ, ಅಳತೆ ಯಾಕೆ ಮುಖ್ಯ ಎಂಬುದೇ ಓದುಗರಿಗೆ ಗೊತ್ತಾಗುವುದಿಲ್ಲ. ‘ಪಾದಬಂಧ’ವನ್ನು ಒಬ್ಬರು ಸೂಚಿಸಿದರು; ನನಗದು ಯೋಗಾಸನದಂತೆ ಕೇಳಿಸುತ್ತದೆ. ಸದ್ಯಕ್ಕೆ ‘ಪಂಜಗಚ್ಚು’ ಎಂದು ಬರೆದುಕೊಂಡಿದ್ದೇನೆ, ಸುಳ್ಯದ ಪಂಜದವರು ಮನ್ನಿಸಬೇಕು.

ಇನ್ನು ನಂಬರು. ಅದು ಇಂಚಲ್ಲ. ಆದರೂ ಬಳೆ ಅಂಗಡಿಯ ‘ಎರಡೂ ನಾಲ್ಕು, ಎರಡೂ ಆರು’ ಇದ್ದಂತೆ, ಹೇಳುವವರಿಗೂ ಕೇಳುವವರಿಗೂ ಅಳೆಯದೆಯೇ ಗೊತ್ತು. ಬಿಚ್ಚಿಟ್ಟ ದವಡೆಯ ಅಗಲ ಒಂದನೇ ನಂಬರಿನಲ್ಲಿ ಸುಮಾರು 4 ಇಂಚು, ಒಂದೂವರೆಯಲ್ಲಿ 5ರ ಆಸುಪಾಸು, ಎರಡರಲ್ಲಿ ಐದೂವರೆ, ಮೂರರಲ್ಲಿ 6, ನಾಲ್ಕರಲ್ಲಿ ಆರೂವರೆ. ತಯಾರಕರು ಬದಲಾದರೆ ಇದೂ ಹಿಂದೆಮುಂದೆ. ನಂಬರು ಬಿಟ್ಟು ‘ನರಿ ಟ್ರ್ಯಾಪು’, ‘ಮಿಂಕ್ ಟ್ರ್ಯಾಪು’ (ಮಿಂಕ್ ತುಪ್ಪಳಕ್ಕೆ ಹೆಸರಾದ, ಮುಂಗುಸಿಯಂಥ ಚಿಕ್ಕ ಪ್ರಾಣಿ) ಎಂದು ಪ್ರಾಣಿಯ ಹೆಸರಿನಿಂದಲೇ ಕರೆಯಬಹುದಲ್ಲ ಎಂಬ ಸಲಹೆ ಬಂದಿದೆ. ಅದು ನಡೆಯುವುದಿಲ್ಲ. ಹತ್ತೊಂಬತ್ತನೇ ಶತಮಾನದಲ್ಲಿ ನ್ಯೂಯಾರ್ಕ್ ರಾಜ್ಯದ ಒನೈಡಾದಲ್ಲಿ ತಯಾರಾಗುತ್ತಿದ್ದ ಸೀವೆಲ್ ನ್ಯೂಹೌಸ್ ಎಂಬಾತನ ಹೆಸರಿನ ಟ್ರ್ಯಾಪುಗಳ ಪಟ್ಟಿಯಲ್ಲಿ ಒಂದೂವರೆ ಮಿಂಕ್‌ಗೆ, ಎರಡು ನರಿಗೆ, ಮೂರು ನೀರುನಾಯಿಗೆ, ನಾಲ್ಕು ಬೀವರ್‌ಗೆ (ಹೊಳೆಗೆ ಕಟ್ಟೆ ಕಟ್ಟುವ, ಇಲಿಯ ಬಳಗದ ದೊಡ್ಡ ಪ್ರಾಣಿ). ಈಗ ಸುರುಳಿ ಸ್ಪ್ರಿಂಗಿನ ಒಂದೂವರೆಯಲ್ಲೇ ನರಿ ಹಿಡಿಯುತ್ತಾರೆ. ನಂಬರು ಉಳಿಯಿತು, ಪ್ರಾಣಿ ಬದಲಾಯಿತು.

ಬೀವರ್ ಅಂತೂ ಈ ಲೆಕ್ಕವನ್ನೇ ತಲೆಕೆಳಗು ಮಾಡುತ್ತದೆ. ಅದರ ಮುಂಗಾಲಿನ ಪಂಜ ಪುಟ್ಟದು, ಹಿಂಗಾಲಿನದು ಬೆರಳುಗಳ ನಡುವೆ ಚರ್ಮ ಹರಡಿಕೊಂಡ, ದೋಣಿಯ ಹುಟ್ಟಿನಂಥ ದೊಡ್ಡ ಪಂಜ. ಹಿಂಗಾಲಿಗೆ ಹೂಡುವವನು ನಾಲ್ಕನೇ ನಂಬರೋ ಅದಕ್ಕಿಂತ ದೊಡ್ಡದೋ ತೆಗೆದುಕೊಳ್ಳುತ್ತಾನೆ, ಮುಂಗಾಲಿಗೆ ಅಷ್ಟು ದೊಡ್ಡದು ಬೇಕಿಲ್ಲ. ಅಂದರೆ ಅಳತೆ ಪ್ರಾಣಿಯ ಗಾತ್ರಕ್ಕಲ್ಲ, ಸಿಗಬೇಕಾದ ಪಂಜಕ್ಕೆ. ನನಗೆ ‘ಪಂಜ’ವೇ ಬೇಕು ಎನಿಸಿದ್ದು ಈ ಭಾಗ ಓದಿದ ಮೇಲೆ.

ಇನ್ನೊಂದು ಚಿಕ್ಕ ತಮಾಷೆ. ‘ಸ್ಟಾಪ್‌ಲಾಸ್’ ಎಂದರೆ ಶೇರುಪೇಟೆಯವರಿಗೆ ತಟ್ಟನೆ ಅರ್ಥವಾಗುತ್ತದೆ. ಇಲ್ಲಿ ಅದು ಹೆಚ್ಚುವರಿ ತಡೆಗಂಬಿಯಿರುವ ಟ್ರ್ಯಾಪು. ನೀರಿನಲ್ಲಿ ಬದುಕುವ, ದೊಡ್ಡ ಇಲಿಯಂಥ ಮಸ್ಕ್‌ರ‍್ಯಾಟ್‌ಗೆ ಸಿಕ್ಕಿದ ಕಾಲನ್ನು ತಿರುಚಿ ಹರಿದುಕೊಂಡು ಪಾರಾಗುವ ಅಭ್ಯಾಸ. ಕಂಬಿ ಪ್ರಾಣಿಯನ್ನು ದೂರಕ್ಕೆ ತಳ್ಳಿಹಿಡಿದು ಆ ತಿರುಚಾಟ ನಡೆಯದಂತೆ ಮಾಡುತ್ತದೆ. ‘ನಷ್ಟತಡೆ’ ಎಂದು ಅನುವಾದಿಸಿದರೆ ನಷ್ಟ ಯಾರದ್ದು ಎಂಬ ಪ್ರಶ್ನೆ ಏಳುತ್ತದೆ, ಹಾಗಾಗಿ ಸ್ಟಾಪ್‌ಲಾಸ್ ಎಂದೇ ಬಿಟ್ಟಿದ್ದೇನೆ.

ನಂಬರಿನ ವಿಷಯದಲ್ಲಿ ನಾನು ಗಟ್ಟಿ: ‘ಒಂದೂವರೆ ನಂಬರು’ ಹಾಗೇ ಇರಲಿ, ಮೊದಲ ಸಲ ಬಂದಾಗ ದವಡೆಯ ಅಗಲವನ್ನು ವಾಕ್ಯದೊಳಗೇ ಹೇಳಿಬಿಡೋಣ. ಹೆಸರಿನ ವಿಷಯದಲ್ಲಿ ನಿಮ್ಮ ನೆರವು ಬೇಕು. ಮಲೆನಾಡಿನಲ್ಲೋ ಬಯಲುಸೀಮೆಯಲ್ಲೋ ಇಂಥ ಕಚ್ಚುವ ಕಬ್ಬಿಣಕ್ಕೆ ಹಳಬರು ಬಳಸುತ್ತಿದ್ದ ಮಾತು ಯಾರಿಗಾದರೂ ಗೊತ್ತೇ? ‘ಲೆಗ್‌ಹೋಲ್ಡ್’ ಎಂಬ ಎದುರು ಪಕ್ಷದ ಪದವೂ ಇದೇ ಬರಹದಲ್ಲಿ ಬರುವುದರಿಂದ ಅದಕ್ಕೆ ‘ಕಾಲ್ಗಚ್ಚು’ ಇಟ್ಟು, ಇದಕ್ಕೆ ‘ಪಂಜಗಚ್ಚು’ ಇಟ್ಟರೆ ಕಿವಿಗೆ ಒಗ್ಗುತ್ತದೆಯೇ?